ಓಡಿ ಬಂದವರ ಕಥೆಯನ್ನು ಮನೆ ಕಳೆದುಕೊಂಡ ಮಕ್ಕಳ ಮುಂದೆ ಓದುವುದು ಹೇಗೆ?

ಪ್ರಶ್ನೆ: ನಾನು ಕುಶಾಲನಗರದ ಹತ್ತಿರದ ಶಾಲೆಯೊಂದರಲ್ಲಿ ಏಳನೇ ತರಗತಿಗೆ ಕನ್ನಡ ಮತ್ತು ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಈ ವರ್ಷ ಪಠ್ಯದ ಜೊತೆಗೆ ಒಂದು ಐತಿಹಾಸಿಕ ಕಾದಂಬರಿಯನ್ನೂ ಓದಿಸೋಣ ಎಂದುಕೊಂಡೆ. 1959ರಲ್ಲಿ ಟಿಬೆಟ್ ಬಿಟ್ಟು ಬಂದ ಕುಟುಂಬದ ಹತ್ತು ವರ್ಷದ ಹುಡುಗಿಯ ಕಥೆ. ಹಿಮಾಲಯ ದಾಟುವುದು, ರಸ್ತೆ ಕೆಲಸ, ತಂದೆಯ ಸಾವು, ಕೊನೆಗೆ ಬೈಲಕುಪ್ಪೆಯಲ್ಲಿ ಕಾಡು ಸವರಿ ಮನೆ ಕಟ್ಟಿ ಮೊದಲ ಬೆಳೆ ತೆಗೆಯುವುದು ಎಲ್ಲ ಅದರಲ್ಲಿದೆ. ಎರಡು ಅಧ್ಯಾಯ ಓದಿದ ದಿನವೇ ಒಬ್ಬ ಹುಡುಗ ಪಕ್ಕದವನಿಗೆ ‘ನೀನೂ ನಿರಾಶ್ರಿತನೇ ಅಲ್ವಾ?’ ಅಂದ. ಆ ಪಕ್ಕದವನ ಮನೆ 2018ರಲ್ಲಿ ಬರೆ, ಅಂದರೆ ಗುಡ್ಡದ ಇಳಿಜಾರು, ಜರಿದು ಹೋಗಿದೆ. ಈಗ ಅವರು ಸರ್ಕಾರದ ಕಾಲೊನಿ ಮನೆಯಲ್ಲಿದ್ದಾರೆ. ಮರುದಿನ ಅವನ ಅಜ್ಜಿ ಬಂದು, ‘ನಮ್ಗೆ ನಮ್ದೇ ಮರೀಲಿಕ್ಕೆ ಆಗ್ತಿಲ್ಲ, ನೀವು ಪುಸ್ತಕದಲ್ಲಿ ಬೇರೆ ಓದಿಸ್ತೀರಾ ಟೀಚರೇ?’ ಎಂದರು. ತರಗತಿಯಲ್ಲಿ ತೋಟದ ಕೆಲಸಗಾರರ ಲೈನ್‌ಮನೆಯ ಅಸ್ಸಾಮಿನ ಇಬ್ಬರು ಮಕ್ಕಳಿದ್ದಾರೆ, ಕಾಡಿನ ದಿಡ್ಡಳ್ಳಿಯಿಂದ ಎಬ್ಬಿಸಲ್ಪಟ್ಟು ಬಂದ ಆದಿವಾಸಿ ಕುಟುಂಬದ ಹುಡುಗಿಯೊಬ್ಬಳಿದ್ದಾಳೆ. ಮುಖ್ಯ ಶಿಕ್ಷಕರು ‘ಚೀನಾ, ರಾಜಕೀಯ ಎಲ್ಲ ನಮಗ್ಯಾಕೆ?’ ಅನ್ನುತ್ತಾರೆ. ಇದರಲ್ಲಿ ಯಾವುದು ನಿಜ, ಯಾವುದು ಕಟ್ಟಿದ್ದು ಎಂದು ಮಕ್ಕಳು ಕೇಳಿದರೆ ನನಗೂ ಗಟ್ಟಿಯಾಗಿ ಹೇಳಲು ಬರುವುದಿಲ್ಲ. ಪುಸ್ತಕ ನಿಲ್ಲಿಸಲೇ, ಮುಂದುವರಿಸಲೇ?

ಉತ್ತರ: ಟೀಚರ್, ನಿಲ್ಲಿಸಬೇಡಿ. ಆದರೆ ಈ ಮಳೆಗಾಲ ಮುಗಿಯುವ ತನಕ ಪುಸ್ತಕವನ್ನು ಕಪಾಟಿನಲ್ಲಿಡಿ. ಮತ್ತೆ ತೆಗೆದಾಗ ಓದಿಸುವ ಕ್ರಮವನ್ನು ಬದಲಿಸಿ.

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೇಳಿರುವುದು ಪುಸ್ತಕದ ಬಗ್ಗೆ, ಆದರೆ ನಿಮ್ಮ ನಿದ್ದೆ ಕೆಡಿಸಿರುವುದು ಆ ಹುಡುಗ. ನಾನು ಓದಿಸದಿದ್ದರೆ ಆ ಮಾತು ಬರುತ್ತಲೇ ಇರಲಿಲ್ಲವಲ್ಲ ಎಂಬ ಕೊರಗು ನಿಮ್ಮ ಸಾಲುಗಳಲ್ಲಿ ಕಾಣುತ್ತದೆ. ಆ ಮಾತು ನಿಮ್ಮ ಪುಸ್ತಕದಿಂದ ಹುಟ್ಟಿದ್ದಲ್ಲ. ಊಟದ ಸಾಲಿನಲ್ಲೋ ಬಸ್‌ಸ್ಟಾಪಿನಲ್ಲೋ ಅದು ಮೊದಲೇ ಓಡಾಡುತ್ತಿತ್ತು, ನಿಮ್ಮ ಎದುರು ಬಂದದ್ದು ಆ ದಿನ, ಅಷ್ಟೇ. 27 ವರ್ಷ ಪಾಠ ಮಾಡಿ, 2018ರ ನಂತರ ಮಡಿಕೇರಿ, ಸೋಮವಾರಪೇಟೆ ಕಡೆಯ ಶಾಲೆಗಳಲ್ಲಿ ಮಕ್ಕಳ ಜೊತೆ ಕಥೆ ಓದುತ್ತಾ ಬಂದವಳಾಗಿ ಇದನ್ನು ಹೇಳುತ್ತಿದ್ದೇನೆ.

ಮೊದಲು ಆ ಪದವನ್ನೇ ಕೈಗೆತ್ತಿಕೊಳ್ಳೋಣ. ನಿರಾಶ್ರಿತ ಎಂದರೆ ಆಶ್ರಯ ಇಲ್ಲದವನು. ಹಿಂದಿಯವರು ಶರಣಾರ್ಥಿ ಎನ್ನುತ್ತಾರೆ, ಅಂದರೆ ಶರಣು ಕೇಳಿ ಬಂದವನು. ಇಂಗ್ಲಿಷಿನ ರೆಫ್ಯೂಜಿ ಎಂಬ ಮಾತಿನ ಹೊಟ್ಟೆಯಲ್ಲೂ ಆಸರೆಯೇ ಇದೆ. ನಮ್ಮ ಪದದಲ್ಲಿ ಮಾತ್ರ ‘ಇಲ್ಲ’ ಎನ್ನುವುದು ಮೊದಲೇ ಬಂದು ಕೂತಿದೆ. ಸಾಲದ್ದಕ್ಕೆ ಯಾರಿಗೆ ಬೇಕಾದರೂ ಅದನ್ನು ಅಂಟಿಸಿಬಿಡುತ್ತೇವೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲ, ಮುಕ್ಕೋಡ್ಲು, ಹಟ್ಟಿಹೊಳೆ ಕಡೆಯಿಂದ ಉಟ್ಟ ಬಟ್ಟೆಯಲ್ಲಿ ಇಳಿದು ಬಂದವರನ್ನು ಒಂದು ದಿನ ಸಂತ್ರಸ್ತರು ಎಂದರು, ಇನ್ನೊಂದು ದಿನ ನಿರಾಶ್ರಿತರು ಎಂದರು. ಅವರು ತಂಗಿದ್ದ ಜಾಗಕ್ಕೆ ಗಂಜಿ ಕೇಂದ್ರ ಎಂಬ ಹೆಸರಾಯಿತು. ಗದ್ದೆ, ತೋಟ, ಹಟ್ಟಿ ತುಂಬ ದನ ಇದ್ದವರು ಒಂದೇ ರಾತ್ರಿಯಲ್ಲಿ ಗಂಜಿ ಕೇಂದ್ರದವರಾದರು. ಆ ಅಜ್ಜಿಯ ಕಿವಿಯಲ್ಲಿ ಆ ಪದ ಹೇಗೆ ಕೇಳಿಸಿರಬಹುದು ಎಂದು ಯೋಚಿಸಿ. ಮನೆ ಹೋದ ಸಂಕಟ ಒಂದು ಕಡೆ ಇದ್ದರೆ, ತಮಗೆ ಬಿದ್ದ ಹೆಸರಿನ ಸಂಕಟ ಇನ್ನೊಂದು ಕಡೆ. ಮೊಮ್ಮಗ ಶಾಲೆಯಿಂದ ಹೊತ್ತು ತಂದದ್ದು ಈ ಎರಡನೆಯದನ್ನು.

ಆದ್ದರಿಂದ ಪುಸ್ತಕ ಮತ್ತೆ ತೆರೆಯುವ ಮೊದಲು ಒಂದು ಪೂರ್ತಿ ಪೀರಿಯಡ್ ಪದಗಳಿಗೇ ಕೊಡಿ. ಕಾನೂನಿನ ಲೆಕ್ಕದಲ್ಲಿ ನಿರಾಶ್ರಿತ ಎಂಬುದಕ್ಕೆ ಗಟ್ಟಿ ಅರ್ಥವಿದೆ. ಜನಾಂಗ, ಧರ್ಮ, ರಾಷ್ಟ್ರೀಯತೆ, ಯಾವುದೋ ಒಂದು ಸಾಮಾಜಿಕ ಗುಂಪಿಗೆ ಸೇರಿರುವುದು ಅಥವಾ ರಾಜಕೀಯ ಅಭಿಪ್ರಾಯ, ಇವುಗಳ ಕಾರಣಕ್ಕೆ ಕಿರುಕುಳವಾದೀತೆಂಬ ನಿಜವಾದ ಭಯದಿಂದ ಸ್ವಂತ ದೇಶದ ಗಡಿ ದಾಟಿದವರು ಎಂದು ವಿಶ್ವಸಂಸ್ಥೆಯ 1951ರ ಒಪ್ಪಂದ ಹೇಳುತ್ತದೆ. ಆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ ಎಂಬುದನ್ನೂ ಮಕ್ಕಳಿಗೆ ಹೇಳಬಹುದು. ಸಹಿ ಹಾಕದ ದೇಶವೇ ಇಷ್ಟು ಜನರಿಗೆ ಜಾಗ ಕೊಟ್ಟಿತು ಎಂದಾಗ ಏಳನೇ ತರಗತಿಯವರು ಕಿವಿ ನಿಮಿರಿಸುತ್ತಾರೆ. ಈ ಅರ್ಥದಲ್ಲಿ ಟಿಬೆಟಿಯನ್ನರು ಆಶ್ರಯ ಕೋರಿ ಬಂದವರು. ಬರೆ ಜರಿದು ಮನೆ ಹೋದವರು ತಮ್ಮದೇ ನಾಡಿನಲ್ಲಿ, ತಮ್ಮದೇ ಹಕ್ಕಿನಲ್ಲಿ ಇರುವ ನಾಗರಿಕರು. ಅವರಿಗೆ ಸಿಕ್ಕ ಮನೆ ಭಿಕ್ಷೆಯಲ್ಲ, ಸರ್ಕಾರದ ಕರ್ತವ್ಯ. ತೋಟದ ಕೆಲಸಕ್ಕೆ ಬಂದ ಅಸ್ಸಾಮಿನವರು ದುಡಿಮೆಗಾಗಿ ವಲಸೆ ಬಂದವರು. ಸಂಪಾಜೆ ಘಾಟಿ ಇಳಿದರೆ ಸುಳ್ಯ, ಪುತ್ತೂರಿನ ರಬ್ಬರ್ ತೋಟಗಳಲ್ಲಿ ತಮಿಳು ಕುಟುಂಬಗಳಿವೆ. ಭಾರತ, ಶ್ರೀಲಂಕಾ ಪ್ರಧಾನಿಗಳ ನಡುವಿನ 1964ರ ಶಾಸ್ತ್ರಿ–ಸಿರಿಮಾವೋ ಒಪ್ಪಂದದ ಪ್ರಕಾರ ಶ್ರೀಲಂಕಾದಿಂದ ಭಾರತಕ್ಕೆ ಕಳುಹಿಸಲ್ಪಟ್ಟವರು ಅವರು. ಕಾಗದದ ಮೇಲೆ ಅವರು ತಾಯ್ನಾಡಿಗೆ ಮರಳಿದವರು, ಆದರೆ ಅವರಲ್ಲಿ ಎಷ್ಟೋ ಜನ ಹುಟ್ಟಿದ್ದೇ ಲಂಕೆಯಲ್ಲಿ. ಇಷ್ಟನ್ನು ಹಲಗೆಯ ಮೇಲೆ ಬರೆದರೆ, ಒಂದೇ ಪದ ಎಲ್ಲರಿಗೂ ಹೊಂದುವುದಿಲ್ಲ ಎಂಬುದು ಮಕ್ಕಳಿಗೆ ತಾನಾಗಿ ಗೊತ್ತಾಗುತ್ತದೆ. ಒಂದು ಎಚ್ಚರಿಕೆ ಮಾತ್ರ ಇರಲಿ. ಉದಾಹರಣೆ ಕೊಡುವಾಗ ಊರುಗಳ ಹೆಸರು ಹೇಳಿ, ಕೂತಿರುವ ಮಕ್ಕಳ ಕಡೆ ಕಣ್ಣು ಕೂಡ ಹಾಯಿಸಬೇಡಿ.

ಇನ್ನು ನಾನು ಮಾಡಿದ ಒಂದು ತಪ್ಪನ್ನು ಹೇಳಲೇಬೇಕು. ಇಂಥ ಕಥೆ ಓದಿಸುವವರ ನಡುವೆ ಒಂದು ಚಟುವಟಿಕೆ ಬಹಳ ಚಾಲ್ತಿಯಲ್ಲಿದೆ. ‘ನೀವು ಈ ರಾತ್ರಿಯೇ ಮನೆ ಬಿಟ್ಟು ಹೊರಡಬೇಕು. ಒಂದೇ ಚೀಲ. ಏನೇನು ಇಟ್ಟುಕೊಳ್ಳುತ್ತೀರಿ, ಪಟ್ಟಿ ಮಾಡಿ.’ ಬೇರೆ ಊರುಗಳಲ್ಲಿ ಮಕ್ಕಳು ಉತ್ಸಾಹದಿಂದ ಮಾಡುತ್ತಾರೆ. 2019ರ ಬೇಸಿಗೆಯಲ್ಲಿ ಮಡಿಕೇರಿ ತಾಲ್ಲೂಕಿನ ಒಂದು ಶಾಲೆಯಲ್ಲಿ ನಾನೂ ಅದನ್ನು ಮಾಡಿಸಿದೆ. ಎಲ್ಲರೂ ಫೋಟೊ, ಬಿಸ್ಕತ್ತು, ಆಟದ ಸಾಮಾನು ಎಂದು ಬರೆಯುತ್ತಿದ್ದರು. ಒಬ್ಬಳು ಪಟ್ಟಿ ಮಾಡಲಿಲ್ಲ. ‘ಹಸುವಿನ ಹಗ್ಗ ಬಿಚ್ಚುತ್ತೇನೆ’ ಎಂದು ಒಂದೇ ಸಾಲು ಬರೆದು ಪೆನ್ಸಿಲ್ ಕೆಳಗಿಟ್ಟಳು. ಹಿಂದಿನ ಆಗಸ್ಟಿನಲ್ಲಿ ಅವಳ ಮನೆಯವರು ನಿಜಕ್ಕೂ ಮಾಡಿದ್ದು ಅದನ್ನೇ. ಬದುಕಿಕೊಳ್ಳಲಿ ಎಂದು ಕಟ್ಟಿದ ದನಗಳನ್ನು ಬಿಚ್ಚಿ ಬಿಟ್ಟು, ಕತ್ತಲಲ್ಲಿ ನಡೆದಿದ್ದರು. ನಾನು ಆಟವೆಂದು ಕೊಟ್ಟದ್ದು ಅವಳಿಗೆ ಆಟವಾಗಿರಲಿಲ್ಲ. ಅಂದಿನಿಂದ ಆ ಚಟುವಟಿಕೆಯನ್ನು ಕೊಡಗಿನ ಯಾವ ತರಗತಿಯಲ್ಲೂ ಮಾಡಿಸಿಲ್ಲ. ನಿಮ್ಮ ಕೈಪಿಡಿಯಲ್ಲಿ ಅದು ಇದ್ದರೆ ಆ ಪುಟವನ್ನು ಮಡಚಿಡಿ.

ನಾನು ಕಲಿತದ್ದನ್ನು ಹೀಗೆ ಹೇಳಬಹುದು. ಇಂಥ ಕಾದಂಬರಿಯಲ್ಲಿ ಎರಡು ಭಾಗಗಳಿರುತ್ತವೆ, ಓಡಿ ಬರುವುದು ಒಂದು, ನೆಲೆ ನಿಲ್ಲುವುದು ಇನ್ನೊಂದು. ಹಿಮ, ಕಣಿವೆ, ಗುಂಡಿನ ಸದ್ದು ಎಲ್ಲ ಮೊದಲನೆಯದರಲ್ಲೇ ಇರುವುದರಿಂದ ಶಿಕ್ಷಕರು ಅದನ್ನು ರಾಗವಾಗಿ ಓದುತ್ತಾರೆ, ಮಕ್ಕಳು ಉಸಿರು ಬಿಗಿಹಿಡಿದು ಕೇಳುತ್ತಾರೆ. ಎರಡನೆಯ ಭಾಗದ ಹೊತ್ತಿಗೆ ಪರೀಕ್ಷೆ ಬಂದು, ‘ಉಳಿದದ್ದು ಮನೆಯಲ್ಲಿ ಓದಿಕೊಳ್ಳಿ’ ಎಂದಾಗುತ್ತದೆ. ಪರಿಣಾಮವಾಗಿ ಮಗುವಿನ ಮನಸ್ಸಿನಲ್ಲಿ ಉಳಿಯುವುದು ಒಂದೇ ಚಿತ್ರ: ಮೂಟೆ ಹೊತ್ತು ಅಳುತ್ತಾ ನಡೆಯುವವರು. ಅವರ ಬಗ್ಗೆ ‘ಪಾಪ’ ಎನಿಸುತ್ತದೆ. ಇವತ್ತು ಪಾಪ ಎಂದ ಮಗುವೇ ನಾಳೆ ಅಣಕಿಸುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಎರಡಕ್ಕೂ ಬೇರು ಒಂದೇ. ಎದುರಿನವನು ನನಗಿಂತ ಒಂದು ಮೆಟ್ಟಿಲು ಕೆಳಗಿದ್ದಾನೆ ಎಂಬ ಭಾವನೆ ಅದು. ‘ನೀನೂ ನಿರಾಶ್ರಿತನೇ ಅಲ್ವಾ’ ಎಂದ ಹುಡುಗ ಕೆಟ್ಟವನಲ್ಲ. ಎರಡು ಅಧ್ಯಾಯದಿಂದ ಅವನು ಕಲಿತದ್ದು ಅಷ್ಟು. ಮೂರನೆಯದಕ್ಕೆ, ಹತ್ತನೆಯದಕ್ಕೆ ಅವನಿನ್ನೂ ಬಂದಿಲ್ಲ.

ಹಾಗಾಗಿ ತಿರುಗಿಸಿ ಓದಿಸಿ. ಓಡಿ ಬಂದ ಭಾಗವನ್ನು ನೀವೇ ಒಂದು ಪೀರಿಯಡ್‌ನಲ್ಲಿ ಕಥೆಯಾಗಿ ಹೇಳಿ ಮುಗಿಸಿ. ಬೈಲಕುಪ್ಪೆಗೆ ಬಂದು ಇಳಿದ ಮೇಲಿನ ಅಧ್ಯಾಯಗಳನ್ನು ಮಾತ್ರ ಸಾಲು ಸಾಲಾಗಿ ಓದಿ. ನಿಮ್ಮ ಮಕ್ಕಳಿಗೆ ಅಲ್ಲಿ ಸಿಗುವಷ್ಟು ಸರಕು ಇನ್ನೆಲ್ಲೂ ಸಿಗುವುದಿಲ್ಲ. ಕಾವೇರಿ ಸೇತುವೆ ದಾಟಿದರೆ ಕೊಪ್ಪ, ಅಲ್ಲಿಂದ ಸ್ವಲ್ಪ ದೂರಕ್ಕೆ ಆ ಕಥೆಯ ನೆಲ. ಸುಮಾರು 3,650 ಮೀಟರ್ ಎತ್ತರದ ಲಾಸಾ ಕಡೆಯಿಂದ ಬಂದವರು ಅದರ ಕಾಲು ಭಾಗಕ್ಕೂ ಕಡಿಮೆ ಎತ್ತರದ ಕಾಡಿನಲ್ಲಿ ಬಂದು ನಿಂತರು. ಬಾರ್ಲಿ ಹಿಟ್ಟು ಉಂಡು ಬೆಳೆದವರು ಮುಸುಕಿನ ಜೋಳ ಬಿತ್ತಲು ಕಲಿತರು. ಅವರ ಮೈ ಈ ಸೆಕೆಗೆ ಒಗ್ಗಿರಲಿಲ್ಲ, ಕ್ಷಯದಂಥ ರೋಗಗಳು ಕಾಡಿದವು. ಬಿದಿರಿನ ಗುಡಿಸಲು, ಡೇರೆ, ರಾತ್ರಿ ಆನೆ. 1960ರಲ್ಲಿ ಆಗಿನ ಮೈಸೂರು ರಾಜ್ಯ ಕೊಟ್ಟ ಸುಮಾರು 3,000 ಎಕರೆಯಲ್ಲಿ ಮೊದಲ ವಸತಿ ಶುರುವಾಯಿತು. 1969ರಲ್ಲಿ ಅದರ ಪಕ್ಕದಲ್ಲೇ ಎರಡನೆಯದು ಬಂತು. ಮುಂದೆ ಹುಣಸೂರು, ಮುಂಡಗೋಡು, ಕೊಳ್ಳೇಗಾಲದ ಕಡೆಯೂ ಇಂಥ ವಸತಿಗಳಾದವು. ಹೊಲದ ಕೆಲಸ ಇಲ್ಲದ ಚಳಿಗಾಲದಲ್ಲಿ ದೂರದ ಪಟ್ಟಣಗಳಿಗೆ ಹೋಗಿ ಸ್ವೆಟರ್ ಮಾರಿದರು.

ಇದನ್ನು ಓದುವಾಗ ಮಕ್ಕಳಿಗೆ ಕೊಡುವ ಕೆಲಸ ಒಂದೇ ಸಾಕು: ಆ ಕುಟುಂಬದ ಮೊದಲ ವರ್ಷದ ಲೆಕ್ಕಪುಸ್ತಕ ಬರೆಯುವುದು. ಯಾರು ಎಷ್ಟು ದಿನ ಮರದ ಬೊಡ್ಡೆ ಕಿತ್ತರು, ಬೀಜ ಎಲ್ಲಿಂದ ಬಂತು, ಗುದ್ದಲಿ ಮುರಿದಾಗ ಏನು ಮಾಡಿದರು, ಮೊದಲು ಕಲಿತ ಕನ್ನಡ ಪದ ಯಾವುದಿರಬಹುದು, ಸಂತೆಯಲ್ಲಿ ಯಾರ ಬಳಿ ಸಾಲ ಹೇಳಿದರು, ತಾಯಿ–ಮಗಳು ಯಾವುದಕ್ಕೆ ಜಗಳ ಆಡಿದರು. ಕಾದಂಬರಿ ಹೇಳಿದ್ದನ್ನು ಒಂದು ಬದಿಗೆ, ತಾವು ಊಹಿಸಿದ್ದನ್ನು ಇನ್ನೊಂದು ಬದಿಗೆ ಬರೆಯಲಿ. ತೋಟ, ಗದ್ದೆ, ಕೂಲಿ, ಸಂತೆ ಕಂಡ ಮಕ್ಕಳು ಇದನ್ನು ಎಷ್ಟು ಚೆನ್ನಾಗಿ ಮಾಡುತ್ತಾರೆಂದರೆ ನೀವೇ ಆಶ್ಚರ್ಯಪಡುತ್ತೀರಿ. ಲೈನ್‌ಮನೆಯ ಮಗುವಿಗೆ ಹೊಸ ಊರಲ್ಲಿ ಭಾಷೆ ಕಲಿಯುವ ಕಷ್ಟ ಗೊತ್ತು. ಕಾಲೊನಿಯ ಹುಡುಗನಿಗೆ ಹೊಸ ಮನೆಯ ಮೊದಲ ವರ್ಷ ಗೊತ್ತು. ಅವರು ಬಾಯಿಬಿಟ್ಟು ‘ಇದು ನನ್ನ ಅನುಭವ’ ಎಂದು ಹೇಳಬೇಕಾಗಿಲ್ಲ. ಆ ಹುಡುಗಿಯ ಲೆಕ್ಕಪುಸ್ತಕದಲ್ಲಿ ಅವರ ತಿಳಿವಳಿಕೆ ಸದ್ದಿಲ್ಲದೆ ಕೆಲಸಕ್ಕೆ ಬರುತ್ತದೆ. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಗೊತ್ತಿರುವವರು ಅವರೇ ಆಗುತ್ತಾರೆ, ಆದರೆ ಅದಕ್ಕಾಗಿ ಅವರನ್ನು ಎಬ್ಬಿಸಿ ನಿಲ್ಲಿಸಿದಂತೆ ಆಗುವುದಿಲ್ಲ.

ಈಗ ನಿಜ ಯಾವುದು, ಕಟ್ಟಿದ್ದು ಯಾವುದು ಎಂಬ ಪ್ರಶ್ನೆ. ಇಲ್ಲಿ ಎರಡು ತಪ್ಪು ನಂಬಿಕೆಗಳಿವೆ. ಕಥೆ ಎಂದರೆ ಸುಳ್ಳು ಎಂಬುದು ಒಂದು, ಐತಿಹಾಸಿಕ ಕಾದಂಬರಿ ಓದಿದರೆ ಇತಿಹಾಸ ಓದಿದಂತೆಯೇ ಎಂಬುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯದ್ದು, ಏಕೆಂದರೆ ಒಳ್ಳೆಯ ಶಿಕ್ಷಕರೂ ಅದನ್ನು ನಂಬುತ್ತಾರೆ. ಮಕ್ಕಳ ಕೈಗೆ ಮೂರು ಬಣ್ಣದ ಪೆನ್ಸಿಲ್ ಕೊಡಿ. ದಾಖಲೆಯಲ್ಲಿ ಇರುವುದಕ್ಕೆ ಒಂದು ಬಣ್ಣ. 1959ರ ಮಾರ್ಚ್ 10ರಂದು ಲಾಸಾದಲ್ಲಿ ಜನ ದಂಗೆ ಎದ್ದದ್ದು, 17ರ ರಾತ್ರಿ ದಲೈ ಲಾಮಾ ಅಲ್ಲಿಂದ ಹೊರಟದ್ದು, 31ರಂದು ಭಾರತದ ಗಡಿ ದಾಟಿದ್ದು, ಬಂದವರಲ್ಲಿ ಅನೇಕರು ಅಸ್ಸಾಮಿನ ಮಿಸಾಮಾರಿಯ ಶಿಬಿರದಲ್ಲಿ ಇದ್ದದ್ದು, ಬೆಟ್ಟದ ರಾಜ್ಯಗಳಲ್ಲಿ ರಸ್ತೆ ಕೆಲಸ ಮಾಡಿದ್ದು, ಇದೆಲ್ಲ ಆ ಬಣ್ಣಕ್ಕೆ. ಇನ್ನೊಂದು ಬಣ್ಣ, ದಾಖಲೆಯಲ್ಲಿ ಇಲ್ಲದಿದ್ದರೂ ಹಾಗೆ ಆಗಿರಬಹುದಾದ್ದಕ್ಕೆ. ಆ ಹುಡುಗಿ, ಅವಳ ಹೆಸರು, ಅವಳ ತಂದೆಯ ಸಾವು ಇಲ್ಲಿಗೆ ಬರುತ್ತವೆ. ಮೂರನೆಯ ಬಣ್ಣ, ಆಗಿರಲಾರದ್ದಕ್ಕೆ.

ಈ ಮೂರನೆಯದನ್ನು ಹಿಡಿಯುವುದು ಮಕ್ಕಳಿಗೆ ಬಲು ಇಷ್ಟ. 1961ರ ದೃಶ್ಯದಲ್ಲಿ ಯಾರಾದರೂ ‘ಕರ್ನಾಟಕ ಸರ್ಕಾರ’ ಎಂದರೆ ಅದು ತಪ್ಪು, ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಬೈಲಕುಪ್ಪೆಯ ಸ್ವರ್ಣ ದೇಗುಲದ ಗೋಪುರ ಆ ಹುಡುಗಿಯ ಬಾಲ್ಯದಲ್ಲಿ ಕಾಣುವಂತಿಲ್ಲ, ಅದರ ಉದ್ಘಾಟನೆಯಾದದ್ದು 1999ರಲ್ಲಿ. ಅಂಗಡಿಯವನು ‘ನಯಾ ಪೈಸೆ’ ಎಂದರೆ ಸರಿ, ಏಕೆಂದರೆ 1957ರಿಂದ ಕೆಲವು ವರ್ಷ ನಾಣ್ಯದ ಮೇಲೆ ಇದ್ದದ್ದೇ ಆ ಹೆಸರು. ಅಜ್ಜನೊಬ್ಬ ಕುಶಾಲನಗರವನ್ನು ಫ್ರೇಜರ್‌ಪೇಟೆ ಎಂದರೂ ಸರಿ, ಅದು ಊರಿನ ಹಳೆಯ ಹೆಸರು. ಇಂಥ ಅನುಮಾನ ಬಂದಾಗ ಮಕ್ಕಳು ಮೊದಲು ಮನೆಯ ಹಿರಿಯರನ್ನು ಕೇಳಿಕೊಂಡು ಬರಲಿ. ನಿಮಗೆ ಎಲ್ಲ ಗೊತ್ತಿರಬೇಕಾಗಿಲ್ಲ, ‘ಇದು ಯಾವ ಬಣ್ಣ, ನೋಡೋಣ’ ಎಂದರೆ ಸಾಕು.

ಆದರೆ ಎರಡನೆಯ ಬಣ್ಣವನ್ನು ಕಡೆಗಣಿಸಬೇಡಿ. ಎಷ್ಟು ಎಕರೆ ಎಂದು ದಾಖಲೆ ಹೇಳುತ್ತದೆ. ಆನೆಯನ್ನೇ ಕಂಡಿರದ ಮಕ್ಕಳಿಗೆ, ಗುಡಿಸಲ ಹೊರಗೆ ಅದು ಘೀಳಿಟ್ಟ ರಾತ್ರಿ ತಾಯಿ ಏನು ಹೇಳಿ ಸಮಾಧಾನ ಮಾಡಿದಳು ಎಂಬುದನ್ನು ಬರೆದವರು ಊಹಿಸಲೇಬೇಕು. ಆ ಊಹೆ ಸರಿ ಇದೆಯೇ ಎಂದು ಹೇಳಲು ನಿಮ್ಮ ತರಗತಿಯವರಿಗಿಂತ ಅರ್ಹರು ಸಿಗಲಾರರು. ಆನೆ ಬಂದ ರಾತ್ರಿ ಮನೆಯೊಳಗೆ ಯಾರು ಹೇಗೆ ಪಿಸುಗುಟ್ಟುತ್ತಾರೆ ಎಂಬುದು ಅವರಿಗೆ ಗೊತ್ತು. ಒಂದು ಶಾಲೆಯಲ್ಲಿ ಹುಡುಗನೊಬ್ಬ ‘ಇಲ್ಲಿ ದೀಪ ಹಚ್ಚಿದ್ಳು ಅಂತ ಉಂಟು, ಯಾರೂ ಹಚ್ಚೂದಿಲ್ಲ ಮಿಸ್’ ಎಂದು ತಕರಾರು ತೆಗೆದಿದ್ದ. ಅರ್ಧ ಗಂಟೆ ಅದರ ಮೇಲೇ ಚರ್ಚೆಯಾಯಿತು.

‘ಅವರಿಗೆ ಸರ್ಕಾರ ಎಲ್ಲ ಪುಕ್ಕಟೆ ಕೊಟ್ಟಿತು’ ಎಂಬ ಮಾತು ನಿಮ್ಮ ತರಗತಿಯಲ್ಲೂ ಬಂದೇ ಬರುತ್ತದೆ, ಮನೆಯಿಂದ ಕೇಳಿಕೊಂಡು ಬಂದಿರುತ್ತಾರೆ. ಗದರಿಸಬೇಡಿ. ಜಮೀನು ಸಿಕ್ಕಿತು, ವಿದೇಶಿ ನೆರವೂ ಬಂತು, ಅದು ನಿಜ. ಆ ಜಮೀನು ಗುತ್ತಿಗೆಯದು, ಸ್ವಂತ ಹಕ್ಕುಪತ್ರದ್ದಲ್ಲ ಎಂಬುದೂ ನಿಜ. ಅಲ್ಲಿ ವಿದೇಶಿಯರೆಂದು ನೋಂದಾಯಿಸಿಕೊಂಡು, ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡು ಬದುಕುವವರು ಬಹಳ ಜನ ಎಂಬುದೂ ನಿಜ. ಇದಕ್ಕಿಂತ ಕಷ್ಟದ ಪ್ರಶ್ನೆ ದಿಡ್ಡಳ್ಳಿಯಿಂದ ಬಂದ ಆ ಹುಡುಗಿಯ ಕಡೆಯಿಂದ ಬರಬಹುದು, ‘ಅವರಿಗೆ ಕಾಡಲ್ಲಿ ಜಾಗ ಕೊಟ್ಟರು, ನಮ್ಮನ್ನು ಕಾಡಿಂದ ಯಾಕೆ ಎಬ್ಬಿಸಿದರು?’ ಎಂದು. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯ ಗುಡಿಸಲುಗಳನ್ನು ಕೆಡವಿದ್ದು, ಆಮೇಲೆ ಬಸವನಹಳ್ಳಿ, ಬ್ಯಾಡಗೊಟ್ಟದಲ್ಲಿ ಮನೆ ಕೊಟ್ಟದ್ದು ನಿಮ್ಮ ಸುತ್ತಲಿನ ಎಲ್ಲರಿಗೂ ಗೊತ್ತಿರುವ ಸಂಗತಿ. ಆ ಪ್ರಶ್ನೆಗೆ ನನ್ನ ಬಳಿಯೂ ಸಮಾಧಾನದ ಉತ್ತರವಿಲ್ಲ. ಅದು ನ್ಯಾಯವಾದ ಪ್ರಶ್ನೆ ಎಂದು ಎಲ್ಲರ ಎದುರು ಹೇಳಿ, ಹಲಗೆಯ ಮೇಲೆ ಅದನ್ನು ಬರೆದು, ಅಳಿಸದೆ ಬಿಡಿ. ಒಬ್ಬರಿಗೆ ಆಸರೆ ಸಿಕ್ಕಿದ್ದನ್ನು ಇನ್ನೊಬ್ಬರ ಮೇಲಿನ ಸಿಟ್ಟಾಗಿ ತಿರುಗಿಸುವವರು ಹೊರಗೆ ಬೇಕಾದಷ್ಟು ಜನ ಇದ್ದಾರೆ. ತರಗತಿಯಲ್ಲಿ ಅದು ಪ್ರಶ್ನೆಯಾಗಿಯೇ ಉಳಿಯಲಿ.

ಮುಖ್ಯ ಶಿಕ್ಷಕರ ಮಾತಿಗೆ ಬರುತ್ತೇನೆ. ಅವರ ಅಳುಕು ನನಗೆ ಅರ್ಥವಾಗುತ್ತದೆ. ಆದರೆ ಯಾಕೆ ಊರು ಬಿಟ್ಟರು ಎಂದು ಹೇಳದೆ ಊರು ಬಿಟ್ಟವರ ಕಥೆ ಹೇಳಿದರೆ, ಅದು ಬರೆ ಜರಿದಂತೆ ತಾನಾಗಿ ಆದ ಅನಾಹುತ ಎಂದು ಮಕ್ಕಳು ತಿಳಿಯುತ್ತಾರೆ. 1950ರಲ್ಲಿ ಚೀನಾದ ಸೈನ್ಯ ಬಂತು, 1951ರಲ್ಲಿ ಟಿಬೆಟನ್ನು ಚೀನಾದ ಭಾಗವೆನ್ನುವ 17 ಅಂಶಗಳ ಒಪ್ಪಂದವಾಯಿತು, 1959ರಲ್ಲಿ ದಂಗೆಯಾಗಿ ಅದನ್ನು ಹತ್ತಿಕ್ಕಲಾಯಿತು. ಚೀನಾ ಸರ್ಕಾರ ಇದನ್ನು ವಿಮೋಚನೆ ಎನ್ನುತ್ತದೆ, ಬಿಟ್ಟು ಬಂದವರು ಆಕ್ರಮಣ ಎನ್ನುತ್ತಾರೆ. ಇಷ್ಟು ಹೇಳಲು ಐದು ನಿಮಿಷ ಸಾಕು, ಯಾರ ಜಿಂದಾಬಾದೂ ಬೇಕಾಗಿಲ್ಲ. ಸರ್ಕಾರ ಬೇರೆ, ಆ ದೇಶದ ಜನ ಬೇರೆ ಎಂಬುದನ್ನು ಮಾತ್ರ ಒತ್ತಿ ಹೇಳಿ. ಏಕೆಂದರೆ ನಮ್ಮ ಪೇಟೆಗಳಲ್ಲಿ ಟಿಬೆಟಿಯನ್, ಅಸ್ಸಾಮಿ ಮಕ್ಕಳ ಮುಖ ನೋಡಿ ‘ಚೈನಾ’ ಎಂದು ಕೂಗುವವರಿದ್ದಾರೆ. ಚೀನಾದ ಸೈನ್ಯಕ್ಕೆ ಹೆದರಿ ಮನೆ ಬಿಟ್ಟವರ ಮೊಮ್ಮಕ್ಕಳಿಗೇ ಆ ಹೆಸರು ಬೀಳುತ್ತಿದೆ ಎಂದು ಮಕ್ಕಳಿಗೆ ತಿಳಿಸಿ ಹೇಳಬೇಕು.

ಮುಖ್ಯ ಶಿಕ್ಷಕರಿಗೆ ಕೊಡಗಿನ ದಾರಿಯಿಂದಲೇ ಒಪ್ಪಿಗೆ ಬೇಕಿದ್ದರೆ ಜನರಲ್ ತಿಮ್ಮಯ್ಯನವರನ್ನು ನೆನಪಿಸಿ. 1959ರಲ್ಲಿ ನಮ್ಮ ಭೂಸೇನೆಯ ಮುಖ್ಯಸ್ಥರಾಗಿದ್ದವರು ಅವರು. ಅದಕ್ಕೂ ಮೊದಲು, 1953–54ರಲ್ಲಿ ಕೊರಿಯಾದಲ್ಲಿ, ತಾಯ್ನಾಡಿಗೆ ಮರಳಲು ಒಪ್ಪದ ಯುದ್ಧಕೈದಿಗಳ ವಿಷಯ ನೋಡಿಕೊಳ್ಳುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದರು. ‘ತನ್ನ ಊರಿಗೆ ಹೋಗಲು ಯಾರಾದರೂ ಯಾಕೆ ಒಲ್ಲೆ ಎನ್ನುತ್ತಾರೆ?’ ಎಂಬ ಪ್ರಶ್ನೆಯನ್ನು ಮಡಿಕೇರಿಯ ಒಬ್ಬರು ಇಡೀ ಜಗತ್ತಿನ ಎದುರು ಕೂತು ಬಗೆಹರಿಸಬೇಕಾಗಿತ್ತು. ಅವರ ಮನೆ ‘ಸನ್ನಿ ಸೈಡ್’ ಈಗ ವಸ್ತುಸಂಗ್ರಹಾಲಯ. ಪ್ರವಾಸದ ನೆಪವೂ ಆಯಿತು.

ನಿಮ್ಮ ಮುಂದಿರುವ ದಾರಿಗಳನ್ನು ಈಗ ಹೇಳುತ್ತೇನೆ. ಪುಸ್ತಕ ಪೂರ್ತಿ ಬಿಟ್ಟುಬಿಡಬಹುದು. ಅದರ ಅಪಾಯ ಏನೆಂದರೆ, ಆ ಹುಡುಗನಿಂದಾಗಿಯೇ ಕಥೆ ನಿಂತಿತು ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅವನ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಈಗಿರುವಂತೆ ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬಹುದು. ಕಥೆಗೆ ನ್ಯಾಯ ಸಿಗುತ್ತದೆ, ಆದರೆ ತಂದೆಯ ಸಾವಿನ ಅಧ್ಯಾಯದಲ್ಲಿ 40 ಮಕ್ಕಳ ನಡುವೆ ಒಂದು ಮಗು ಒಂಟಿಯಾಗಬಹುದು, ಸಮಯವೂ ಸಾಲದು. ಇಷ್ಟವಿದ್ದವರಿಗೆ ಮಾತ್ರ ಶನಿವಾರ ಓದಿಸಬಹುದು. ಅದು ಸುರಕ್ಷಿತ, ಆದರೆ ಅಣಕಿಸುವ ಹುಡುಗ ಆ ಗುಂಪಿಗೆ ಬರುವುದೇ ಇಲ್ಲ, ಈ ಕಥೆ ಬೇಕಾದದ್ದು ಅವನಿಗೆ. ನಾನು ಮೇಲೆ ಹೇಳಿದ, ನೆಲೆ ನಿಂತ ಭಾಗವನ್ನು ಮುಖ್ಯ ಮಾಡುವ ದಾರಿಗೂ ಕೊರತೆ ಇದೆ. ಸಂಕಟವನ್ನು ಒಂದು ಪೀರಿಯಡ್‌ಗೆ ಇಳಿಸಿದರೆ, ‘ಕಷ್ಟಪಟ್ಟರು, ಕೊನೆಗೆ ಗೆದ್ದರು’ ಎಂಬ ಸವಿಯಾದ ಕಥೆಯಾಗಿಬಿಡುವ ಭಯ. ಅದಕ್ಕೆ ಮದ್ದು ಲೆಕ್ಕಪುಸ್ತಕದಲ್ಲೇ ಇದೆ. ಆ ವರ್ಷ ಏನು ಮತ್ತೆ ಸಿಗಲಿಲ್ಲ ಎಂಬುದಕ್ಕೂ ಒಂದು ಕಾಲಂ ಹಾಕಿಸಿ. ತಂದೆ ಸಿಗಲಿಲ್ಲ. ಆ ಊರಿನ ಗಾಳಿ ಸಿಗಲಿಲ್ಲ. ಹೊಸ ಮನೆ ಎಷ್ಟೇ ಗಟ್ಟಿಯಾಗಿದ್ದರೂ ಆ ಕಾಲಂ ಖಾಲಿ ಇರುವುದಿಲ್ಲ ಎಂಬುದು ಕಾಲೊನಿ ಮನೆಯವರಿಗೆ ಚೆನ್ನಾಗಿ ಗೊತ್ತು. ಸಿಮೆಂಟಿನ ಮನೆ ಸಿಕ್ಕಿರಬಹುದು, ತಲೆತಲಾಂತರ ದೀಪ ಇಟ್ಟ ಜಾಗ ಮಣ್ಣಿನಡಿ ಹೋಗಿದೆ. ನಾನು ಈ ದಾರಿಯನ್ನೇ ಆರಿಸಿಕೊಳ್ಳುತ್ತೇನೆ.

ಬೈಲಕುಪ್ಪೆಗೆ ಮಕ್ಕಳನ್ನು ಕರೆದುಕೊಂಡು ಹೋಗುವ ಯೋಚನೆ ನಿಮಗೆ ಬಂದಿರುತ್ತದೆ. ದೇಗುಲ ತೋರಿಸಿ, ಮೊಮೊ ತಿನ್ನಿಸಿ ಕರೆತರುವ ಪಿಕ್‌ನಿಕ್ ಆದರೆ ಈ ಪುಸ್ತಕಕ್ಕೆ ಅದರಿಂದ ಏನೂ ಸಿಗದು. ಅಲ್ಲಿನ ಹಿರಿಯರೊಬ್ಬರು ಒಪ್ಪಿದರೆ ನಾಲ್ಕಾರು ಮಕ್ಕಳು ಹೋಗಿ ಮಾತಾಡಲಿ. ಪ್ರಶ್ನೆಗಳನ್ನು ಮೊದಲೇ ಅವರಿಗೆ ಕಳುಹಿಸಿ. ‘ಹೇಗೆ ತಪ್ಪಿಸಿಕೊಂಡಿರಿ?’ ಎಂದು ಕೇಳಬೇಡಿ. ಅದನ್ನು ಅವರು ಜೀವಮಾನವಿಡೀ ಅಪರಿಚಿತರಿಗೆ ಹೇಳಿ ದಣಿದಿರುತ್ತಾರೆ. ಮೊದಲ ಬೆಳೆ ಏನಾಯಿತು, ಕನ್ನಡ ಯಾರಿಂದ ಕಲಿತಿರಿ, ಇಲ್ಲಿನ ಯಾರ ಸ್ನೇಹವಾಯಿತು ಎಂದು ಕೇಳಲಿ.

ಮಕ್ಕಳ ಮೇಲೆ ಕಣ್ಣಿಡುವುದು ಹೇಗೆಂದೂ ಹೇಳಬೇಕು. ಮನಸ್ಸು ಕಲಕಿದ ಮಗು ಅಳುತ್ತದೆ ಎಂದು ನಾವು ಕಾಯುತ್ತೇವೆ. ಹೆಚ್ಚಿನವರು ಅಳುವುದಿಲ್ಲ. ಹೊಟ್ಟೆನೋವು ಎನ್ನುತ್ತಾರೆ, ಪದೇ ಪದೇ ಹೊರಗೆ ಹೋಗುತ್ತಾರೆ, ಅಥವಾ ಬೇಡದ ಜಾಗದಲ್ಲಿ ಜೋರಾಗಿ ನಗುತ್ತಾರೆ. ಓದುವ ಪೀರಿಯಡ್‌ನಲ್ಲಿ ಯಾರು ಬೇಕಾದರೂ ಕೇಳದೆ ಎದ್ದು ನೀರು ಕುಡಿದು ಬರಬಹುದು ಎಂದು ಎಲ್ಲರಿಗೂ ಒಂದೇ ನಿಯಮ ಮಾಡಿ, ಆಗ ಹೋದವನು ಎದ್ದುಕಾಣುವುದಿಲ್ಲ. ಓದಿದರೆ ಗಾಯ ತಾನಾಗಿ ಮಾಯುತ್ತದೆ ಎಂಬ ನಂಬಿಕೆಯೂ ಬೇಡ. ಕಥೆ ಔಷಧವಲ್ಲ, ನೀವೂ ವೈದ್ಯರಲ್ಲ. ನಿದ್ದೆ, ಊಟ ಎರಡೂ ಕೆಟ್ಟು ವಾರಗಟ್ಟಲೆ ಹಾಗೆಯೇ ಇದ್ದರೆ ಮನೆಯವರಿಗೆ ತಿಳಿಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಲು ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಣಕಿಸಿದ ಹುಡುಗನನ್ನು ಎಲ್ಲರ ಮುಂದೆ ಕ್ಷಮೆ ಕೇಳಿಸಬೇಡಿ, ಇನ್ನೊಬ್ಬ ಮತ್ತೊಮ್ಮೆ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಅವನನ್ನು ಪ್ರತ್ಯೇಕವಾಗಿ ಕರೆದು ಆ ಪದದ ಅರ್ಥ ಅವನಿಗೆ ಗೊತ್ತೇ ಎಂದು ಕೇಳಿ, ಅಲ್ಲಿಂದ ಮಾತು ಬೆಳೆಸಿ.

ಅಜ್ಜಿಯ ಮನೆಗೆ ನೀವೇ ಹೋಗಿ, ಶಾಲೆಗೆ ಕರೆಸಬೇಡಿ. ಅವರು ಪುಸ್ತಕದ ವಿರೋಧಿ ಅಲ್ಲ. ತಮ್ಮ ಮೊಮ್ಮಗನನ್ನು ಯಾರೂ ಉದಾಹರಣೆ ಮಾಡಬಾರದು ಎನ್ನುತ್ತಿದ್ದಾರೆ. ಅವನನ್ನು ಆ ದಿನದ ಬಗ್ಗೆ ಏನೂ ಕೇಳುವುದಿಲ್ಲ, ಬರೆಸುವುದಿಲ್ಲ, ಬೇಡವೆಂದರೆ ಆ ಪೀರಿಯಡ್ ಅವನು ಲೈಬ್ರರಿಯಲ್ಲಿ ಕೂರಬಹುದು ಎಂದು ಮಾತು ಕೊಡಿ. ಪುಸ್ತಕದ ಒಂದು ಪ್ರತಿಯನ್ನು ಅವರ ಕೈಯಲ್ಲಿಡಿ. ಕೊನೆಯ ಅಧ್ಯಾಯಗಳನ್ನು ಮೊದಲು ಅವರೇ ಓದಲಿ, ಅಥವಾ ಯಾರಿಂದಲಾದರೂ ಓದಿಸಿ ಕೇಳಲಿ. ಅವರು ಆಗಲೂ ಬೇಡ ಎಂದರೆ ಆ ಹುಡುಗನ ಮಟ್ಟಿಗೆ ಅದು ಬೇಡವೇ, ವಾದ ಮಾಡಬೇಡಿ.

ಸಮಯದ ಬಗ್ಗೆ ಮೊದಲೇ ಹೇಳಿದ್ದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಹೆಂಚಿನ ಮೇಲೆ ಮಳೆ ಬಡಿಯುವ ಸದ್ದಿನಲ್ಲಿ ಮನೆ ಬಿಟ್ಟವರ ಕಥೆ ಕೇಳಿಸುವುದು ಆ ಮಕ್ಕಳಿಗೆ ಮಾಡುವ ಅನ್ಯಾಯ. ನವೆಂಬರ್‌ನಲ್ಲಿ ಶುರು ಮಾಡಿ. ವಾರಕ್ಕೆ ಎರಡು ಪೀರಿಯಡ್ ಹಿಡಿದರೆ, ಆ ಕುಟುಂಬ ಮೊದಲ ಜೋಳದ ತೆನೆ ಮುರಿಯುವ ಅಧ್ಯಾಯ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಯ ಹೊತ್ತಿಗೆ ಬರುತ್ತದೆ. ಆಗ ನಿಮ್ಮ ಅರ್ಧ ತರಗತಿ ಮನೆಯಲ್ಲಿ ಕದಿರು ತೆಗೆದು ‘ಪೊಲಿ ಪೊಲಿಯೇ ದೇವಾ’ ಎಂದು ಕೂಗಿ ಬಂದಿರುತ್ತದೆ. ಆ ಅಧ್ಯಾಯವನ್ನು ನೀವು ಓದಬೇಡಿ, ಮಕ್ಕಳೇ ಸರದಿಯಲ್ಲಿ ಓದಲಿ.